ವಿಂಡೋಸ್ 10ರಿಂದ 11ಕ್ಕೆ: ಡ್ರೈವರ್, ಸಾಫ್ಟ್‌ವೇರ್ ಕೈಕೊಡದಂತೆ ಅಪ್‌ಗ್ರೇಡ್ ಮಾಡಿಕೊಳ್ಳುವುದು ಹೇಗೆ

ಅಪ್‌ಗ್ರೇಡ್ ಆದ ಮೇಲೆ ನನಗೆ ಬರುವ ಫೋನ್‌ಗಳಲ್ಲಿ "ವಿಂಡೋಸ್ ಸರಿಯಿಲ್ಲ" ಅನ್ನುವವರು ತೀರಾ ಕಡಿಮೆ. "ಸಾರ್, ಎಲ್ಲಾ ಚೆನ್ನಾಗಿದೆ, ಸ್ಕ್ಯಾನರ್ ಒಂದು ತೋರಿಸ್ತಿಲ್ಲ." "ಅಣ್ಣಾ, ಟೋಕನ್ ಹಾಕಿದ್ರೆ ಲೈಟ್ ಬರುತ್ತೆ, ಸೈಟಲ್ಲಿ ಸರ್ಟಿಫಿಕೇಟ್ ಬರಲ್ಲ." "ನುಡಿಯಲ್ಲಿ ಟೈಪ್ ಮಾಡಿದ್ದ ಹಳೇ ಫೈಲೆಲ್ಲ ಏನೇನೋ ಇಂಗ್ಲಿಷ್ ಅಕ್ಷರ ಆಗಿದೆ." ಮೂರೂ ಒಂದೇ ಕಥೆ. ವಿಂಡೋಸ್ ಸಲೀಸಾಗಿ ಬಂದು ಕೂತಿದೆ. ಹತ್ತು ವರ್ಷದಿಂದ ಆ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದ ಹಳೇ ಸಾಮಾನಿಗೆ ಮಾತ್ರ ಹೊಸ ಯಜಮಾನನ ಮಾತು ತಿಳಿಯುತ್ತಿಲ್ಲ. ಆ ಮಾತನ್ನು ಸಾಮಾನಿಗೆ ತಿಳಿಸಿಕೊಡುವ ದುಭಾಷಿ ಸಾಫ್ಟ್‌ವೇರೇ ಡ್ರೈವರ್.

ಪ್ರೆಸ್ಸು, ಆಡಿಟರ್ ಆಫೀಸು, ಜೆರಾಕ್ಸ್ ಅಂಗಡಿ, ಇಂಥ ಕಡೆಯ ಕಂಪ್ಯೂಟರ್‌ಗಳನ್ನೇ ನಾನು ಜಾಸ್ತಿ ನೋಡಿಕೊಳ್ಳುವುದು. ಅಲ್ಲಿ ಕಲಿತದ್ದು ಇಷ್ಟು: ಕಂಪ್ಯೂಟರಿಗೆ ಚುಚ್ಚಿರುವ ವಸ್ತುಗಳಲ್ಲಿ, ಅದರೊಳಗೆ ಓಡುವ ಸಾಫ್ಟ್‌ವೇರ್‌ಗಳಲ್ಲಿ ಯಾವುದು ಅತಿ ಹಳೆಯದೋ ಅದನ್ನು ಮೊದಲು ನೋಡಬೇಕು. ಅದು ಒಪ್ಪಿದರೆ ಉಳಿದದ್ದೆಲ್ಲ ಒಪ್ಪುತ್ತದೆ.

ಅವಸರ ಎಷ್ಟಿದೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ಕಂಪ್ಯೂಟರ್ ನಿಂತುಹೋಗುತ್ತದೆ ಅಂತಲ್ಲ, ಭದ್ರತೆಯ ತೇಪೆಗಳು ಬರುವುದಿಲ್ಲ ಅಷ್ಟೆ. ಮನೆ ಬಳಕೆದಾರರಿಗೆ ಇಎಸ್‌ಯು ಎಂಬ ಹೆಚ್ಚುವರಿ ವ್ಯವಸ್ಥೆ ಇಟ್ಟಿದ್ದಾರೆ. ಅದರಲ್ಲಿ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಸಿಂಕ್ ಮಾಡಿಕೊಂಡರೆ ದುಡ್ಡಿಲ್ಲ, ಬೇಡ ಅಂದರೆ 30 ಡಾಲರ್. ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದಿನ ಪರೀಕ್ಷೆಗಳಲ್ಲಿ ನಿಮ್ಮ ಯಾವುದಾದರೂ ಮುಖ್ಯ ವಸ್ತು ಫೇಲಾದರೆ ಗಾಬರಿಯಲ್ಲಿ ಅಪ್‌ಗ್ರೇಡ್ ಮಾಡಬೇಕಾಗಿಲ್ಲ. ಉಸಿರಾಡಲು ಜಾಗ ಇದೆ.

ಯಂತ್ರ ಯೋಗ್ಯವೇ?

ಇದು ಸುಲಭದ ಭಾಗ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಪುಟ್ಟ ಆ್ಯಪ್ ಓಡಿಸಿ, ಹೌದು ಅಥವಾ ಇಲ್ಲ ಎಂದು ಅದೇ ಹೇಳುತ್ತದೆ. ಬೇಕಾದದ್ದು 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಯುಇಎಫ್‌ಐ (ಯಂತ್ರವನ್ನು ಶುರುಮಾಡುವ ಹೊಸ ರೀತಿಯ ಬಯೋಸ್) ಮತ್ತು ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಭದ್ರತಾ ಘಟಕ. ಇಂಟೆಲ್ ಆದರೆ ಬಹುತೇಕ 8ನೇ ತಲೆಮಾರಿನಿಂದ ಮೇಲೆ, ಎಎಂಡಿ ಆದರೆ ರೈಜೆನ್ 2000 ಸರಣಿಯಿಂದ ಮೇಲೆ. 4 ಜಿಬಿ ಸಾಕು ಅಂತ ಕಾಗದದ ಮೇಲೆ ಬರೆದಿದ್ದಾರೆ. ನನ್ನನ್ನು ಕೇಳಿದರೆ 8 ಜಿಬಿ ಮತ್ತು ಎಸ್‌ಎಸ್‌ಡಿ ಇಲ್ಲದ ಯಂತ್ರಕ್ಕೆ 11 ಹಾಕಿ ಗಿರಾಕಿಯ ಶಾಪ ಕಟ್ಟಿಕೊಳ್ಳಬೇಡಿ.

"ಟಿಪಿಎಂ ಇಲ್ಲ" ಎಂದು ಬಂದರೆ ಕೂಡಲೇ ಕೈಚೆಲ್ಲಬೇಡಿ. ಎಷ್ಟೋ ಬೋರ್ಡ್‌ಗಳಲ್ಲಿ ಅದು ಇರುತ್ತದೆ, ಬಯೋಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ಆಫ್ ಆಗಿರುತ್ತದೆ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆದರೆ ಬಯೋಸ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಇದ್ದರೆ ಅದನ್ನು ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಕೀಯನ್ನು ಅದೇ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಫೈಲಾಗಿ ಇಟ್ಟವರನ್ನೂ ನೋಡಿದ್ದೇನೆ. ಬೀರುವಿನ ಕೀ ಬೀರುವಿನೊಳಗೇ ಇಟ್ಟು ಬೀಗ ಹಾಕಿದ ಹಾಗೆ.

ಡಿಸ್ಕಿನ ಭಾಗಗಳ ಪಟ್ಟಿ ಹಳೇ ಎಂಬಿಆರ್ ರೀತಿಯಲ್ಲಿದ್ದರೆ ಸೆಕ್ಯೂರ್ ಬೂಟ್ ಕೆಲಸ ಮಾಡುವುದಿಲ್ಲ. ಅದನ್ನು ಡೇಟಾ ಹೋಗದಂತೆ ಹೊಸ ರೀತಿಯ ಜಿಪಿಟಿಗೆ ಬದಲಿಸಲು ವಿಂಡೋಸ್ ಜೊತೆಗೇ ಎಂಬಿಆರ್2ಜಿಪಿಟಿ ಎಂಬ ಉಪಕರಣ ಬರುತ್ತದೆ. ಬ್ಯಾಕಪ್ ತೆಗೆದ ಮೇಲೆ ಮಾತ್ರ ಅದಕ್ಕೆ ಕೈಹಾಕಿ.

ಒಂದು ಹಾಳೆ, ಒಂದು ಪೆನ್ನು

ಈಗ ನಿಜವಾದ ಕೆಲಸ. ಕಂಪ್ಯೂಟರ್ ಮುಂದೆ ಕೂತು, ಅದರ ಹಿಂದೆ ಚುಚ್ಚಿರುವ ಪ್ರತಿಯೊಂದು ಕೇಬಲ್ ಹಿಡಿದು ಹೋಗಿ. ತುದಿಯಲ್ಲಿ ಏನಿದೆ ಎಂದು ಬರೆಯಿರಿ. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ, ತೂಕದ ಯಂತ್ರಕ್ಕೆ ಹೋಗುವ ಸೀರಿಯಲ್ ಕೇಬಲ್, ಬಾರ್‌ಕೋಡ್ ಗನ್, ಯಾವುದೋ ಸಾಫ್ಟ್‌ವೇರಿನ ಲೈಸೆನ್ಸ್ ಇರುವ ಡಾಂಗಲ್. ಡ್ರಾಯರ್‌ನಲ್ಲಿ ಇದ್ದು ತಿಂಗಳಿಗೊಮ್ಮೆ ಹೊರಬರುವ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಯುಎಸ್‌ಬಿ ಕಡ್ಡಿ) ಕೂಡ. ಇಂಥದ್ದನ್ನೇ ಎಲ್ಲರೂ ಮರೆಯುವುದು, ರಿಟರ್ನ್ ಹಾಕುವ ಕೊನೆ ದಿನ ನೆನಪಾಗುವುದೂ ಇದೇ.

ಆಮೇಲೆ ಸಾಫ್ಟ್‌ವೇರ್. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿ ತೆರೆದರೆ ನೂರು ಹೆಸರು ಬರುತ್ತವೆ, ಎಲ್ಲವನ್ನೂ ಬರೆಯಬೇಡಿ. ಇದು ನಾಳೆ ಬೆಳಿಗ್ಗೆ ಇಲ್ಲದಿದ್ದರೆ ಅಂಗಡಿ ನಡೆಯುವುದಿಲ್ಲ ಅನ್ನುವಂಥದ್ದನ್ನು ಮಾತ್ರ ಬರೆಯಿರಿ. ಸಾಮಾನ್ಯವಾಗಿ ಐದಾರು ಸಿಗುತ್ತವೆ. ಪ್ರತಿಯೊಂದರ ಮುಂದೆ ಆವೃತ್ತಿ, ಲೈಸೆನ್ಸ್ ಅಥವಾ ಸೀರಿಯಲ್ ನಂಬರ್, ಅದರ ಸಿಡಿ ಅಥವಾ ಇನ್‌ಸ್ಟಾಲರ್ ಎಲ್ಲಿದೆ ಎನ್ನುವುದು. ಇನ್‌ಸ್ಟಾಲರ್ ಸಿಗದಿದ್ದರೆ ಈಗಲೇ ಹುಡುಕಿ, ಸಿಗುವವರೆಗೆ ಮುಂದಕ್ಕೆ ಹೋಗಬೇಡಿ.

32 ಬಿಟ್ ಎಂಬ ಗೋಡೆ

ಅರ್ಧ ತೊಂದರೆಗೆ ಮೂಲ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ವಿಂಡೋಸ್ 10ರಲ್ಲಿ 32 ಬಿಟ್ ಮತ್ತು 64 ಬಿಟ್ ಎರಡೂ ಇದ್ದವು. ವಿಂಡೋಸ್ 11ರಲ್ಲಿ 64 ಬಿಟ್ ಮಾತ್ರ. ನಿಮ್ಮ ಯಂತ್ರದಲ್ಲಿ ಯಾವುದಿದೆ ಎಂದು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ನಲ್ಲಿ ಸಿಸ್ಟಮ್ ಟೈಪ್ ಸಾಲು ನೋಡಿ.

64 ಬಿಟ್ ಇದ್ದರೆ ಒಳ್ಳೆಯ ಸುದ್ದಿ. ವಿಂಡೋಸ್ 10ರ 64 ಬಿಟ್ ಡ್ರೈವರ್‌ಗಳಲ್ಲಿ ಬಹುಪಾಲು 11ರಲ್ಲೂ ಹಾಗೇ ನಡೆಯುತ್ತವೆ. 32 ಬಿಟ್ ಇದ್ದರೆ ನೇರ ಅಪ್‌ಗ್ರೇಡ್ ಆಗುವುದಿಲ್ಲ, ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಆಗ ಮೂರು ನಿಯಮ ನೆನಪಿರಲಿ. 32 ಬಿಟ್ ಸಾಫ್ಟ್‌ವೇರ್ 64 ಬಿಟ್ ವಿಂಡೋಸ್‌ನಲ್ಲಿ ಓಡುತ್ತದೆ. 32 ಬಿಟ್ ಡ್ರೈವರ್ ಓಡುವುದಿಲ್ಲ. 16 ಬಿಟ್ ಆದದ್ದು ಯಾವುದೂ ಓಡುವುದಿಲ್ಲ. ಡಾಸ್ ಕಾಲದ ಬಿಲ್ಲಿಂಗ್ ಪ್ರೋಗ್ರಾಂ ಈಗಲೂ ಓಡಿಸುವ ಅಂಗಡಿಗಳಿವೆ, ಅವರಿಗೆ ಡಾಸ್‌ಬಾಕ್ಸ್‌ನಂಥ ಎಮ್ಯುಲೇಟರ್ ಬೇಕಾಗುತ್ತದೆ. ಇನ್ನೊಂದು ಒಳಸುಳಿ ಇದೆ: 1990ರ ದಶಕದ ಕೆಲವು ಸಾಫ್ಟ್‌ವೇರ್‌ಗಳು ತಾವು 32 ಬಿಟ್ ಆಗಿದ್ದರೂ ಅವುಗಳ ಸೆಟಪ್ ಫೈಲ್ ಮಾತ್ರ 16 ಬಿಟ್ ಇರುತ್ತದೆ. ಇನ್‌ಸ್ಟಾಲ್ ಆಗಿರುವ ಯಂತ್ರದಲ್ಲಿ ಚೆನ್ನಾಗಿ ಓಡುತ್ತಿರುತ್ತದೆ, ಹೊಸ ಯಂತ್ರದಲ್ಲಿ ಸೆಟಪ್ಪೇ ತೆರೆಯುವುದಿಲ್ಲ.

ನಾನು ಪಾಠ ಕಲಿತದ್ದು ಒಂದು ಪ್ರೆಸ್ಸಿನಲ್ಲಿ. ಎ3 ಸ್ಕ್ಯಾನರ್ ಇತ್ತು, ಗಟ್ಟಿಮುಟ್ಟಾದ ಯಂತ್ರ. "ಯುಎಸ್‌ಬಿ ತಾನೆ, ಹಾಕಿದರೆ ಬರುತ್ತೆ" ಎಂದು ಹೇಳಿ ವಿಂಡೋಸ್ ಬದಲಿಸಿಬಿಟ್ಟೆ. ಅದರ ಕಂಪನಿ 64 ಬಿಟ್ ಡ್ರೈವರನ್ನೇ ಬರೆದಿರಲಿಲ್ಲ. ಎರಡು ದಿನ ಮಾಲೀಕರು ಪಕ್ಕದ ಅಂಗಡಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದರು, ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಇಂಥ ಅನಾಥ ಸ್ಕ್ಯಾನರ್‌ಗಳಿಗೆ ವ್ಯೂಸ್ಕ್ಯಾನ್ ಎಂಬ ದುಡ್ಡಿನ ಸಾಫ್ಟ್‌ವೇರ್ ಇದೆ, ಸಾವಿರಾರು ಹಳೇ ಮಾದರಿಗಳಿಗೆ ತನ್ನದೇ ಡ್ರೈವರ್ ಇಟ್ಟುಕೊಂಡಿದೆ. ಕೊಳ್ಳುವ ಮೊದಲು ಟ್ರಯಲ್ ಹಾಕಿ ನೋಡಬಹುದು.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರಿಗೂ ಒಂದು ಮಾತು. ಸ್ನ್ಯಾಪ್‌ಡ್ರಾಗನ್ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬಂದಿವೆ. ಬ್ಯಾಟರಿ ಚೆನ್ನಾಗಿ ಬರುತ್ತದೆ, ಸಾಮಾನ್ಯ ಸಾಫ್ಟ್‌ವೇರ್‌ಗಳೂ ಓಡುತ್ತವೆ. ಆದರೆ ಅದಕ್ಕೆ ಡ್ರೈವರ್ ಆರ್ಮ್ 64 ಬಿಟ್‌ನದ್ದೇ ಬೇಕು, ಇಂಟೆಲ್ ಯಂತ್ರದ ಡ್ರೈವರ್ ಕೂರುವುದಿಲ್ಲ. ಹಳೇ ಪ್ರಿಂಟರ್, ಟೋಕನ್, ಡಾಂಗಲ್ ನೆಚ್ಚಿಕೊಂಡವರು ಅತ್ತ ಹೋಗುವ ಮೊದಲು ಎರಡು ಸಲ ವಿಚಾರಿಸಿ.

ಡ್ರೈವರ್ ಪರೀಕ್ಷೆ

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನಿಮ್ಮ ಹಾಳೆಯಲ್ಲಿರುವ ಪ್ರತಿ ವಸ್ತುವನ್ನೂ ಅಲ್ಲಿ ಹುಡುಕಿ, ಡಬಲ್ ಕ್ಲಿಕ್ ಮಾಡಿ, ಡ್ರೈವರ್ ಟ್ಯಾಬ್‌ಗೆ ಹೋಗಿ. ಪ್ರೊವೈಡರ್ ಎಂಬ ಸಾಲಿನಲ್ಲಿ ಮೈಕ್ರೋಸಾಫ್ಟ್ ಎಂದಿದ್ದರೆ ಆ ಡ್ರೈವರ್ ವಿಂಡೋಸ್ ಜೊತೆಗೇ ಬಂದದ್ದು, ಸಾಮಾನ್ಯವಾಗಿ 11ರಲ್ಲೂ ಬರುತ್ತದೆ. ಬೇರೆ ಕಂಪನಿಯ ಹೆಸರಿದ್ದರೆ ಅದೇ ನಿಮ್ಮ ಹೋಂವರ್ಕ್. ಆವೃತ್ತಿ ಬರೆದುಕೊಳ್ಳಿ.

ದಿನಾಂಕ ನೋಡಿ ಮೋಸಹೋಗಬೇಡಿ. ವಿಂಡೋಸ್‌ನ ಸ್ವಂತ ಡ್ರೈವರ್‌ಗಳಲ್ಲಿ 2006ರ ಜೂನ್ 21 ಎಂದೇ ಇರುತ್ತದೆ. ಅದು ಹಳೆಯದು ಅಂತಲ್ಲ. ತಯಾರಕರ ಡ್ರೈವರ್ ಇದ್ದರೆ ಅದೇ ಹೊಸದಾಗಿ ಕಂಡು ಅದಕ್ಕೇ ಮೊದಲ ಮಣೆ ಸಿಗಲಿ ಎಂದು ಬೇಕಂತಲೇ ಹಾಗಿಟ್ಟಿದ್ದಾರೆ. ಇಂಟೆಲ್ ಚಿಪ್‌ಸೆಟ್‌ನಲ್ಲಂತೂ 1968ರ ಜುಲೈ 18 ಎಂದಿರುತ್ತದೆ, ಕಂಪನಿ ಹುಟ್ಟಿದ ದಿನ! ಇದನ್ನು ನೋಡಿ ಗಾಬರಿಯಾಗಿ "ಡ್ರೈವರ್ ಅಪ್‌ಡೇಟರ್" ಎಂಬ ಸಿಕ್ಕಸಿಕ್ಕ ಸಾಫ್ಟ್‌ವೇರ್ ಹಾಕಿಕೊಳ್ಳುವವರು ಇದ್ದಾರೆ. ದಯವಿಟ್ಟು ಹಾಕಬೇಡಿ, ಅವು ಸರಿ ಇರುವುದನ್ನೂ ಕೆಡಿಸುತ್ತವೆ.

ಯಾವುದೋ ವಸ್ತುವಿನ ಹೆಸರೇ ತಿಳಿಯುತ್ತಿಲ್ಲವಾ? ಡೀಟೇಲ್ಸ್ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ಅಲ್ಲೊಂದು ಉದ್ದದ ಸಾಲು ಬರುತ್ತದೆ, ಅದರಲ್ಲಿ ತಯಾರಕರ ಸಂಖ್ಯೆ ಇರುತ್ತದೆ. 8086 ಇದ್ದರೆ ಇಂಟೆಲ್, 1002 ಇದ್ದರೆ ಎಎಂಡಿ. ಆ ಸಾಲನ್ನು ಕಾಪಿ ಮಾಡಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ತಾಣದಲ್ಲಿ ಹುಡುಕಿದರೆ ಡ್ರೈವರ್ ಇದೆಯೋ ಇಲ್ಲವೋ ತಿಳಿಯುತ್ತದೆ. ಮೊದಲ ಆದ್ಯತೆ ಮಾತ್ರ ಯಾವತ್ತೂ ತಯಾರಕರ ತಾಣಕ್ಕೆ. ಬ್ರ್ಯಾಂಡೆಡ್ ಲ್ಯಾಪ್‌ಟಾಪ್ ಆದರೆ ಅದರ ಸೀರಿಯಲ್ ನಂಬರ್ ಹಾಕಿ ವಿಂಡೋಸ್ 11 ಪಟ್ಟಿ ತೆರೆಯಿರಿ.

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇನ್ನೊಂದಿದೆ, ಇದನ್ನು ವಿಂಡೋಸ್ 10ರಲ್ಲೇ ಮಾಡಬಹುದು. ವಿಂಡೋಸ್ ಸೆಕ್ಯೂರಿಟಿ ತೆರೆದು ಡಿವೈಸ್ ಸೆಕ್ಯೂರಿಟಿ, ಕೋರ್ ಐಸೋಲೇಶನ್‌ಗೆ ಹೋಗಿ ಮೆಮೊರಿ ಇಂಟೆಗ್ರಿಟಿ ಆನ್ ಮಾಡಲು ನೋಡಿ. ಹೊಂದದ ಡ್ರೈವರ್ ಇದ್ದರೆ ಆನ್ ಆಗುವುದಿಲ್ಲ, ಯಾವ ಫೈಲ್ ಅಡ್ಡಬಂತು ಎಂದು ಹೆಸರಿನ ಸಮೇತ ಪಟ್ಟಿ ಕೊಡುತ್ತದೆ. ವಿಂಡೋಸ್ 11 ಹೊಸದಾಗಿ ಹಾಕಿದ ಯಂತ್ರಗಳಲ್ಲಿ ಈ ರಕ್ಷಣೆ ಸಾಮಾನ್ಯವಾಗಿ ಆನ್ ಆಗಿಯೇ ಬರುತ್ತದೆ, ಹಾಗಾಗಿ ನಾಳೆ ಯಾರು ಮುನಿಸಿಕೊಳ್ಳುತ್ತಾರೆ ಎಂದು ಇವತ್ತೇ ಗೊತ್ತಾಗುತ್ತದೆ.

ಮೈಕ್ರೋಸಾಫ್ಟ್ ಕೂಡ ಕೆಲವು ಯಂತ್ರಗಳಿಗೆ ಅಪ್‌ಗ್ರೇಡ್ ತಡೆಹಿಡಿಯುತ್ತದೆ, ಅದಕ್ಕೆ ಸೇಫ್‌ಗಾರ್ಡ್ ಹೋಲ್ಡ್ ಅನ್ನುತ್ತಾರೆ. ಉದಾಹರಣೆಗೆ ಇಂಟೆಲ್ 11ನೇ ತಲೆಮಾರಿನ ಯಂತ್ರಗಳಲ್ಲಿ ಸ್ಮಾರ್ಟ್ ಸೌಂಡ್ ಎಂಬ ಆಡಿಯೋ ಡ್ರೈವರಿನ ಎರಡು ಹಳೇ ಆವೃತ್ತಿಗಳಿಂದ ನೀಲಿ ಪರದೆ ಬರುತ್ತಿತ್ತು. ಆವೃತ್ತಿಯ ಕೊನೆಗೆ 5152 ಇದ್ದರೆ ತೊಂದರೆ, 5714 ಇದ್ದರೆ ಇಲ್ಲ. ಯಂತ್ರ ಯೋಗ್ಯವಿದ್ದೂ ಅಪ್‌ಗ್ರೇಡ್ ಬರುತ್ತಿಲ್ಲ ಅಂದರೆ ಇಂಥ ಕಾರಣ ಇರಬಹುದು. ಒತ್ತಾಯದಿಂದ ನುಗ್ಗಿಸಬೇಡಿ, ಮೊದಲು ಡ್ರೈವರ್ ಅಪ್‌ಡೇಟ್ ಮಾಡಿ.

ಪ್ರಿಂಟರ್, ಟೋಕನ್, ಕೇಬಲ್

ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಪುಟ್ಟ ಲೇಸರ್ ಪ್ರಿಂಟರ್‌ಗಳು, ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ 1020 ಥರದವು, ಸ್ವಂತ ಬುದ್ಧಿ ಕಡಿಮೆ ಇರುವವು. ಪುಟ ಹೇಗಿರಬೇಕು ಎಂದು ಕಂಪ್ಯೂಟರೇ ಲೆಕ್ಕಹಾಕಿ ಚಿತ್ರವಾಗಿ ಕಳಿಸಬೇಕು. ಅದಕ್ಕೇ ಅವು ಅಗ್ಗ. ಅದಕ್ಕೇ ತಮ್ಮದೇ ಡ್ರೈವರ್ ಇಲ್ಲದೆ ಒಂದಕ್ಷರವೂ ಮುದ್ರಿಸುವುದಿಲ್ಲ. ಇವುಗಳ 64 ಬಿಟ್ ಡ್ರೈವರನ್ನು ಮೊದಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರಿಂಟರ್ ಭಾಷೆ ತಿಳಿಯುವ ದೊಡ್ಡ ಪ್ರಿಂಟರ್ ಆದರೆ ಚಿಂತೆ ಕಡಿಮೆ, ಕಂಪನಿಯ ಯೂನಿವರ್ಸಲ್ ಡ್ರೈವರ್ ಹಾಕಿದರೆ ಕೆಲಸ ಆಗುತ್ತದೆ.

ಹೊಸ ವಿಂಡೋಸ್ 11ರಲ್ಲಿ ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್ ಎಂಬ ಆಯ್ಕೆ ಕಾಣುತ್ತದೆ. ಹೆಸರು ಚೆನ್ನಾಗಿದೆ ಎಂದು ಆನ್ ಮಾಡಿದರೆ ಕಂಪನಿಗಳ ಡ್ರೈವರ್‌ಗಳಲ್ಲಿ ಓಡುವ ಪ್ರಿಂಟರ್‌ಗಳೆಲ್ಲ ಮಾಯ. ಹಳೇ ಪ್ರಿಂಟರ್ ಇರುವವರು ಅದರ ತಂಟೆಗೆ ಹೋಗಬೇಡಿ.

ತೂಕದ ಯಂತ್ರ, ಹಳೇ ಬಿಲ್ ಪ್ರಿಂಟರ್‌ಗೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಇರುತ್ತದೆ. ಅದರಲ್ಲಿ ಪಿಎಲ್-2303ರ ಹಳೇ ಚಿಪ್ ಇದ್ದರೆ, ಹೊಸ ಡ್ರೈವರ್ ಅದನ್ನು ಒಪ್ಪುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಸಾಧನದ ಹೆಸರಿನ ಜಾಗದಲ್ಲೇ "ಈ ಚಿಪ್ 2012ರಿಂದ ನಿಂತಿದೆ, ಮಾರಿದವರನ್ನು ಕೇಳಿ" ಎಂಬರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಹಳೇ ಡ್ರೈವರ್ ಆವೃತ್ತಿಯನ್ನು ಕೈಯಾರೆ ಆರಿಸಿ ಸರಿಮಾಡುವವರಿದ್ದಾರೆ, ಆದರೆ ಮುಂದಿನ ಅಪ್‌ಡೇಟ್ ಅದನ್ನು ಮತ್ತೆ ಬದಲಿಸಬಹುದು. ಎಫ್‌ಟಿಡಿಐ ಚಿಪ್‌ನ ಕೇಬಲ್ ತಂದುಬಿಡುವುದೇ ವಾಸಿ. ಹೊಸ ಕೇಬಲ್ ಹಾಕಿದ ಮೇಲೆ ಕಾಮ್ ಪೋರ್ಟ್ ಸಂಖ್ಯೆ ಬದಲಾಗಿರುತ್ತದೆ, ಬಿಲ್ಲಿಂಗ್ ಸಾಫ್ಟ್‌ವೇರ್ ಹಳೇ ಸಂಖ್ಯೆಯನ್ನೇ ಹುಡುಕುತ್ತಾ ಕೂತಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್‌ಗೆ ಹೋಗಿ ಹಳೇ ಸಂಖ್ಯೆಯನ್ನೇ ಕೊಡಿ.

ಡಿಎಸ್‌ಸಿ ಟೋಕನ್‌ಗೆ ಅದರ ತಯಾರಕರ ಹೊಸ ಸಾಫ್ಟ್‌ವೇರ್ ಬೇಕು. ಇಪಾಸ್, ಪ್ರಾಕ್ಸ್‌ಕೀ, ಎಂಟೋಕನ್, ಯಾವುದು ನಿಮ್ಮದು ಎಂದು ಟೋಕನ್ ಮೇಲೆ ನೋಡಿ. ಎರಡು ಎಚ್ಚರಿಕೆ: ಆ ಸಾಫ್ಟ್‌ವೇರ್‌ನಲ್ಲಿ ಇನಿಶಿಯಲೈಸ್ ಎಂಬ ಬಟನ್ ಒತ್ತಬೇಡಿ, ಒಳಗಿನ ಸರ್ಟಿಫಿಕೇಟೇ ಅಳಿಸಿಹೋಗುತ್ತದೆ. ಪಿನ್ ಅಂದಾಜಿನ ಮೇಲೆ ಹಾಕಬೇಡಿ, ಕೆಲವು ಸಲ ತಪ್ಪಿದರೆ ಲಾಕ್ ಆಗುತ್ತದೆ. ಆಧಾರ್ ಬೆರಳಚ್ಚು ಯಂತ್ರಕ್ಕೆ ಡ್ರೈವರ್ ಒಂದೇ ಸಾಲದು, ಆರ್‌ಡಿ (ರಿಜಿಸ್ಟರ್ಡ್ ಡಿವೈಸ್) ಸರ್ವಿಸ್ ಎಂಬ ಸಾಫ್ಟ್‌ವೇರ್ ಕೂಡ ಮತ್ತೆ ಹಾಕಬೇಕು.

ಕನ್ನಡದ ಕಥೆ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಭಾಗ ಸಿಗುವುದಿಲ್ಲ, ನಮ್ಮವರು ಜಾಸ್ತಿ ಒದ್ದಾಡುವುದು ಇಲ್ಲೇ.

ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೇ ಫಾಂಟ್‌ಗಳಲ್ಲಿ ಮಾಡಿದ ಫೈಲ್‌ಗಳ ಒಳಗೆ ನಿಜಕ್ಕೂ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿರುತ್ತವೆ, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ, ಅಷ್ಟೆ. ಫೈಲ್ ಕೆಟ್ಟಿಲ್ಲ, ಅಳಬೇಡಿ, ಮುಖ್ಯವಾಗಿ ಆ ಸ್ಥಿತಿಯಲ್ಲಿ ಸೇವ್ ಮಾಡಬೇಡಿ. ಅಪ್‌ಗ್ರೇಡ್‌ಗೆ ಮೊದಲೇ ವಿಂಡೋಸ್ ಫೋಲ್ಡರ್‌ನ ಫಾಂಟ್ಸ್ ಒಳಗಿರುವ ಕನ್ನಡ ಫಾಂಟ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ.

ಮತ್ತೆ ಹಾಕುವಾಗ ಒಂದು ಗುಟ್ಟು. ಫಾಂಟ್ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದರೆ, ಈಗಿನ ವಿಂಡೋಸ್ ಅದನ್ನು ಆ ಒಬ್ಬ ಬಳಕೆದಾರನ ಫೋಲ್ಡರಿನಲ್ಲಿ ಮಾತ್ರ ಇಡುತ್ತದೆ. ವರ್ಡ್‌ನಲ್ಲಿ ಕಾಣುತ್ತದೆ, ಕೆಲವು ಹಳೇ ಸಾಫ್ಟ್‌ವೇರ್‌ಗಳಿಗೆ ಕಾಣುವುದಿಲ್ಲ. "ಫಾಂಟ್ ಹಾಕಿದ್ದೀನಿ ಸಾರ್, ಆದ್ರೂ ಪೇಜ್‌ಮೇಕರ್‌ನಲ್ಲಿ ಬರ್ತಿಲ್ಲ" ಎಂದರೆ ನಾನು ಮೊದಲು ನೋಡುವುದು ಇದನ್ನೇ. ಎಲ್ಲಾ ಫಾಂಟ್‌ಗಳನ್ನು ಒಟ್ಟಿಗೆ ಆರಿಸಿ, ರೈಟ್ ಕ್ಲಿಕ್ ಮಾಡಿ, ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಒತ್ತಿ. ಅರ್ಧ ದಿನದ ಒದ್ದಾಟ ಉಳಿಯುತ್ತದೆ.

ನಿಜವಾದ ಕನ್ನಡ ಸಂಕೇತಗಳನ್ನೇ ಇಡುವ ಯೂನಿಕೋಡ್‌ನಲ್ಲಿ ತುಂಗಾ ಫಾಂಟ್ ಬಳಸಿ ಮಾಡಿದ ಹಳೇ ಕಡತಗಳಿದ್ದರೆ ಅವೂ ಬೇರೆ ಥರ ಕಾಣಬಹುದು, ಪುಟದ ಅಳತೆ ಹೆಚ್ಚುಕಮ್ಮಿ ಆಗಬಹುದು. ತುಂಗಾ ಈಗ ವಿಂಡೋಸ್ ಜೊತೆ ತಾನಾಗಿ ಬರುವುದಿಲ್ಲ. ಸೆಟ್ಟಿಂಗ್ಸ್‌ನ ಆಪ್ಶನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂದಿದೆ, ಅದನ್ನು ಸೇರಿಸಿಕೊಂಡರೆ ಬರುತ್ತದೆ.

ಟೈಪಿಂಗ್ ತಂತ್ರಾಂಶ ಓಡುತ್ತಿದೆ, ಆದರೆ ಒಂದು ಸಾಫ್ಟ್‌ವೇರ್‌ನಲ್ಲಿ ಮಾತ್ರ ಕನ್ನಡ ಮೂಡುತ್ತಿಲ್ಲ ಅನ್ನುವುದು ಇನ್ನೊಂದು ದೂರು. ಬಹಳ ಸಲ ಆ ಸಾಫ್ಟ್‌ವೇರ್ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿರುತ್ತದೆ, ಕೀಬೋರ್ಡ್ ತಂತ್ರಾಂಶ ಸಾಮಾನ್ಯ ಬಳಕೆದಾರನಾಗಿ ಓಡುತ್ತಿರುತ್ತದೆ. ಮೇಲಿನ ಅಂತಸ್ತಿನವರ ಕೀಲಿಗಳನ್ನು ಕೆಳಗಿನವರು ಮುಟ್ಟಲು ವಿಂಡೋಸ್ ಬಿಡುವುದಿಲ್ಲ. ಎರಡನ್ನೂ ಒಂದೇ ಮಟ್ಟದಲ್ಲಿ ಓಡಿಸಿ, ಸರಿಹೋಗುತ್ತದೆ.

ಪುಟ ವಿನ್ಯಾಸದ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಾದ ಮೇಲೆ ದೊಡ್ಡ ಹೊಸ ಆವೃತ್ತಿ ಬರಲಿಲ್ಲ, ಆದರೂ ನಮ್ಮ ಪ್ರೆಸ್ಸುಗಳಲ್ಲಿ ಅದು ಬದುಕಿದೆ. 32 ಬಿಟ್ ಆದ್ದರಿಂದ 11ರಲ್ಲೂ ಬಹಳ ಕಡೆ ಓಡುತ್ತದೆ. ಅದರ ಪ್ರೋಗ್ರಾಂ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿಗೆ ಹೋಗಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸುವ ಗುರುತು ಹಾಕಿ, ಮೇಲೆ ಹೇಳಿದಂತೆ ಟೈಪಿಂಗ್ ತಂತ್ರಾಂಶಕ್ಕೂ ಹಾಗೇ ಮಾಡಿ. ಪಿಡಿಎಫ್ ಮಾಡುವುದು ಮಾತ್ರ ಡಿಸ್ಟಿಲರ್ ಎಂಬ ಬೇರೆ ಸಾಫ್ಟ್‌ವೇರ್ ಮತ್ತು ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಮೇಲೆ ನಿಂತಿದೆ, ಅದನ್ನು ಬೇರೆಯಾಗಿಯೇ ಪರೀಕ್ಷಿಸಿ. ಹಾಗೆಯೇ ಮೆಲ್ಲಗೆ ಹಳೇ ಕಡತಗಳನ್ನು ಯೂನಿಕೋಡ್‌ಗೆ ತರುವ ಕೆಲಸವನ್ನೂ ಶುರುಮಾಡಿ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ. ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ, ತಪ್ಪು ನುಸುಳುವುದು ಅಲ್ಲೇ.

ಉಳಿದ ಸಾಫ್ಟ್‌ವೇರ್

ಟ್ಯಾಲಿ ಇದ್ದರೆ ಡೇಟಾ ಫೋಲ್ಡರ್ ಬ್ಯಾಕಪ್ ತೆಗೆಯಿರಿ. ಡಿಸ್ಕ್ ಫಾರ್ಮ್ಯಾಟ್ ಮಾಡುವುದಾದರೆ ಲೈಸೆನ್ಸ್ ಸರೆಂಡರ್ ಮಾಡಿ ಆಮೇಲೆ ಫಾರ್ಮ್ಯಾಟ್ ಮಾಡಿ. ಡಾಂಗಲ್ ಇರುವ ಸಾಫ್ಟ್‌ವೇರ್ ಆದರೆ ಡಾಂಗಲ್‌ನ ಡ್ರೈವರನ್ನು ವಿಂಡೋಸ್ 10ರಲ್ಲೇ ಹೊಸ ಆವೃತ್ತಿಗೆ ತನ್ನಿ.

ಹತ್ತು ಹದಿನೈದು ವರ್ಷದ ಹಿಂದಿನ ಬಿಲ್ಲಿಂಗ್, ಲೆಕ್ಕಪತ್ರದ ತಂತ್ರಾಂಶಗಳಿಗೆ ಡಾಟ್‌ನೆಟ್ 3.5 ಎಂಬ ವಿಂಡೋಸ್‌ನ ಪೂರಕ ಭಾಗ ಬೇಕಾಗುತ್ತದೆ. ಅದು ತಾನಾಗಿ ಆನ್ ಇರುವುದಿಲ್ಲ, ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಗುರುತು ಹಾಕಬೇಕು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯುವ ತಾಣ ಅಥವಾ ಸಿಸಿಟಿವಿ ಪುಟ ಇದೆಯಾ? ಅದು 2022ರ ಜೂನ್ 15ಕ್ಕೇ ನಿವೃತ್ತಿಯಾಯಿತು, 11ರಲ್ಲಿ ಸಿಗುವುದಿಲ್ಲ. ಎಡ್ಜ್ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಐಇ ಮೋಡ್ ಆನ್ ಮಾಡಿ ಆ ತಾಣವನ್ನು ಅದರಲ್ಲಿ ತೆರೆದು ನೋಡಿ. ಇದನ್ನೂ 10ರಲ್ಲೇ ಪರೀಕ್ಷಿಸಬಹುದು. ಆಫೀಸ್ 2016 ಮತ್ತು 2019 ಓಡುತ್ತವೆ, ಆದರೆ ಅವುಗಳ ಬೆಂಬಲವೂ ವಿಂಡೋಸ್ 10ರ ಜೊತೆಗೇ ಅದೇ ದಿನ ಮುಗಿದಿದೆ.

ಪೂರ್ತಿ ಪೂರ್ವಾಭ್ಯಾಸ

ಇಷ್ಟೆಲ್ಲ ಕಾಗದದ ಮೇಲಿನ ಪರೀಕ್ಷೆ. ಅನ್ನ ಕೊಡುವ ಯಂತ್ರ ಆದರೆ ನಾನು ಇನ್ನೊಂದು ಹೆಜ್ಜೆ ಇಡುತ್ತೇನೆ. ಒಂದು 256 ಜಿಬಿ ಎಸ್‌ಎಸ್‌ಡಿ ತಂದು, ಹಳೇ ಡಿಸ್ಕ್ ಬಿಚ್ಚಿ ಡ್ರಾಯರ್‌ನಲ್ಲಿಟ್ಟು, ಹೊಸದರಲ್ಲಿ ವಿಂಡೋಸ್ 11 ಹಾಕುತ್ತೇನೆ. ಹಾಳೆಯಲ್ಲಿರುವ ಒಂದೊಂದೇ ವಸ್ತು ಚುಚ್ಚಿ, ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ, ಟೋಕನ್‌ನಲ್ಲಿ ಸಹಿ ಹಾಕಿಸಿ ನೋಡುತ್ತೇನೆ. ಎಲ್ಲಾ ಬಂದರೆ ಆ ಎಸ್‌ಎಸ್‌ಡಿಯೇ ಮುಂದುವರಿಯುತ್ತದೆ. ಬರದಿದ್ದರೆ ಹಳೇ ಡಿಸ್ಕ್ ವಾಪಸ್ ಹಾಕಿದರೆ ಐದು ನಿಮಿಷದಲ್ಲಿ ಅಂಗಡಿ ಮೊದಲಿನಂತೆ. ವಿಂಡೋಸ್‌ನ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ ಹಾಕಿದರೆ ತಾನಾಗಿ ಆಕ್ಟಿವೇಟ್ ಆಗುತ್ತದೆ.

ಈಗ ಅಪ್‌ಗ್ರೇಡ್

1. ಕಡತಗಳ ಬ್ಯಾಕಪ್ ಬೇರೆ ಡಿಸ್ಕ್‌ಗೆ. ಆ ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ.

2. ಈಗಿರುವ ಡ್ರೈವರ್‌ಗಳ ಬ್ಯಾಕಪ್. ಸಿ ಡ್ರೈವ್‌ನಲ್ಲಿ ವಿಂಡೋಸ್, ಸಿಸ್ಟಮ್32, ಡ್ರೈವರ್‌ಸ್ಟೋರ್, ಅದರೊಳಗಿನ ಫೈಲ್‌ರೆಪಾಸಿಟರಿ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿದರೆ ಸಾಕು. ಕೆಲವು ಜಿಬಿ ಆಗುತ್ತದೆ. ನಾಳೆ ಯಾವುದಾದರೂ ಡ್ರೈವರ್ ಸಿಗದಿದ್ದರೆ ಡಿವೈಸ್ ಮ್ಯಾನೇಜರ್‌ಗೆ ಈ ಫೋಲ್ಡರ್ ತೋರಿಸಿ, ಒಳಫೋಲ್ಡರ್‌ಗಳನ್ನೂ ಹುಡುಕು ಎಂದು ಗುರುತು ಹಾಕಿದರೆ ಅದೇ ಹೆಕ್ಕಿಕೊಳ್ಳುತ್ತದೆ.

3. ವೈಫೈ ಮತ್ತು ಲ್ಯಾನ್ ಡ್ರೈವರ್ ಪೆನ್‌ಡ್ರೈವ್‌ನಲ್ಲಿ ಕಡ್ಡಾಯ. ನೆಟ್ ಇಲ್ಲದೆ ಉಳಿದ ಡ್ರೈವರ್ ಇಳಿಸುವುದಾದರೂ ಹೇಗೆ? ಅದೂ ಮರೆತರೆ ಮೊಬೈಲನ್ನು ಕೇಬಲ್‌ನಲ್ಲಿ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ.

4. ಪ್ರಿಂಟರ್, ಡಾಂಗಲ್, ಪೆನ್‌ಡ್ರೈವ್ ಎಲ್ಲ ಬಿಚ್ಚಿ. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ತೆಗೆದುಬಿಡಿ. ಸಿ ಡ್ರೈವ್‌ನಲ್ಲಿ 30 ಜಿಬಿಯಾದರೂ ಖಾಲಿ ಇರಲಿ.

5. ಮೈಕ್ರೋಸಾಫ್ಟ್ ತಾಣದಿಂದಲೇ ಇನ್‌ಸ್ಟಲೇಶನ್ ಅಸಿಸ್ಟೆಂಟ್ ಅಥವಾ ಐಎಸ್‌ಒ (ಇಡೀ ವಿಂಡೋಸ್ ಇರುವ ಒಂದೇ ಫೈಲ್) ಇಳಿಸಿ, ವಿಂಡೋಸ್ 10 ಒಳಗಿನಿಂದಲೇ ಸೆಟಪ್ ಓಡಿಸಿ.

ಐದನೆಯದರಲ್ಲಿ ಒಂದು ಕಡೆ ನಿಲ್ಲಬೇಕು. ಏನನ್ನು ಉಳಿಸಿಕೊಳ್ಳಬೇಕು ಎಂದು ಕೇಳುವಾಗ ಫೈಲ್ ಮತ್ತು ಆ್ಯಪ್ ಎರಡನ್ನೂ ಉಳಿಸುವ ಆಯ್ಕೆ ಮಸುಕಾಗಿದ್ದರೆ ಮುಂದುವರಿಯಬೇಡಿ. ಸಾಮಾನ್ಯ ಕಾರಣ ಭಾಷೆ. ನಿಮ್ಮ ಯಂತ್ರದಲ್ಲಿ ಬ್ರಿಟಿಷ್ ಇಂಗ್ಲಿಷ್ ಇದ್ದು ಐಎಸ್‌ಒ ಅಮೆರಿಕನ್ ಇಂಗ್ಲಿಷ್‌ನದ್ದಾದರೆ ಆ್ಯಪ್‌ಗಳು ಉಳಿಯುವುದಿಲ್ಲ. ಇಂಗ್ಲಿಷ್ ಇಂಟರ್‌ನ್ಯಾಷನಲ್ ಎಂಬ ಐಎಸ್‌ಒ ಇಳಿಸಿಕೊಂಡು ಮತ್ತೆ ಶುರುಮಾಡಿ.

ಪೆನ್‌ಡ್ರೈವ್‌ನಿಂದ ಹೊಸದಾಗಿ ಹಾಕುವಾಗ ಡಿಸ್ಕೇ ಕಾಣದಿದ್ದರೆ, ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಮೂಲು, ಎಸ್‌ಎಸ್‌ಡಿ ಹಾಳಾಗಿಲ್ಲ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಫೈಲನ್ನು ಎಕ್ಸ್‌ಟ್ರಾಕ್ಟ್ ಮಾಡಿ, ಲೋಡ್ ಡ್ರೈವರ್ ಒತ್ತಿ ತೋರಿಸಿ.

ಶನಿವಾರ ಸಂಜೆ ಶುರುಮಾಡಿ. ತಿಂಗಳ 18, 19ನೇ ತಾರೀಖು, ಜಿಎಸ್‌ಟಿ ರಿಟರ್ನ್ ಹತ್ತಿರ ಇರುವಾಗ, ಆಡಿಟರ್ ಆಫೀಸಿನಲ್ಲಿ ಇದನ್ನು ಮುಟ್ಟಬೇಡಿ.

ಆದ ಮೇಲೆ

ಮೊದಲು ವಿಂಡೋಸ್ ಅಪ್‌ಡೇಟ್ ಪೂರ್ತಿ ಓಡಿಸಿ. ಅಡ್ವಾನ್ಸ್‌ಡ್ ಆಪ್ಶನ್ಸ್ ಒಳಗೆ ಆಪ್ಶನಲ್ ಅಪ್‌ಡೇಟ್ಸ್ ಇದೆ, ಡ್ರೈವರ್‌ಗಳು ಅಲ್ಲಿ ಅಡಗಿ ಕೂತಿರುತ್ತವೆ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಇದೆಯಾ ನೋಡಿ. ಕೋಡ್ 28 ಅಂದರೆ ಡ್ರೈವರೇ ಇಲ್ಲ, ಹಾಕಿ. ಕೋಡ್ 10 ಅಂದರೆ ಡ್ರೈವರ್ ಇದೆ, ಸಾಧನ ಶುರುವಾಗುತ್ತಿಲ್ಲ. ತೆಗೆದು ಮತ್ತೆ ಹಾಕಿ, ಪೋರ್ಟ್ ಬದಲಿಸಿ. ಕೋಡ್ 52 ಅಂದರೆ ಡ್ರೈವರಿನ ಸಹಿ ಒಪ್ಪಿಗೆಯಾಗಿಲ್ಲ. ಕೋಡ್ 39 ಬಂದರೆ ಡ್ರೈವರ್ ಕೆಟ್ಟಿದೆ ಅಥವಾ ಮೆಮೊರಿ ಇಂಟೆಗ್ರಿಟಿ ತಡೆದಿದೆ. ಬೇರೆ ದಾರಿಯೇ ಇಲ್ಲದಾಗ ಆ ರಕ್ಷಣೆಯನ್ನು ಆಫ್ ಮಾಡುವವರಿದ್ದಾರೆ. ನಾನು ಆಡಿಟರ್ ಆಫೀಸಿನ ಯಂತ್ರದಲ್ಲಿ ಹಾಗೆ ಮಾಡುವುದಿಲ್ಲ.

ಒಂದು ಕಂಪ್ಯೂಟರಿನ ಫೋಲ್ಡರನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆಯುತ್ತಿದ್ದವರಿಗೆ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಹೊಡೆತ. ಅದರ ಪ್ರೊನಲ್ಲಿ ಗೆಸ್ಟ್ ಪ್ರವೇಶ ಮುಚ್ಚಿದೆ, ಎರಡು ಯಂತ್ರಗಳ ನಡುವಿನ ಸಂಪರ್ಕಕ್ಕೆ ಡಿಜಿಟಲ್ ಸಹಿಯೂ ಬೇಕು. ರಿಜಿಸ್ಟ್ರಿ ತಿದ್ದಿ ಬಾಗಿಲು ತೆರೆಯುವ ಬದಲು, ಶೇರ್ ಮಾಡುವ ಯಂತ್ರದಲ್ಲಿ ಪಾಸ್‌ವರ್ಡ್ ಇರುವ ಒಂದು ಯೂಸರ್ ಮಾಡಿ. ಹತ್ತು ವರ್ಷದ ಹಿಂದಿನ ದೊಡ್ಡ ಜೆರಾಕ್ಸ್ ಯಂತ್ರ ಫೋಲ್ಡರಿಗೆ ಸ್ಕ್ಯಾನ್ ಕಳಿಸುವುದನ್ನು ನಿಲ್ಲಿಸಿದರೂ ಇದೇ ಜಾತಿಯ ಕಾರಣ. ಅದನ್ನು ಎಫ್‌ಟಿಪಿಗೋ ಪೆನ್‌ಡ್ರೈವ್‌ಗೋ ಬದಲಿಸಿಕೊಳ್ಳಿ.

ಹಾಳೆ ಮತ್ತೆ ಕೈಗೆ ತೆಗೆದುಕೊಂಡು ಒಂದೊಂದಕ್ಕೂ ಟಿಕ್ ಹಾಕಿ. ಇದನ್ನು ಮೊದಲ ಎರಡು ದಿನದೊಳಗೆ ಮುಗಿಸಿ. ಯಾಕೆಂದರೆ ಹಳೇ ವಿಂಡೋಸ್‌ಗೆ ವಾಪಸ್ ಹೋಗಲು 10 ದಿನ ಮಾತ್ರ ಅವಕಾಶ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ಗೋ ಬ್ಯಾಕ್ ಇರುತ್ತದೆ. ಡಿಸ್ಕ್ ಕ್ಲೀನಪ್ ಮಾಡಿ ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಿದರೆ ಆ ದಾರಿಯೂ ಹೋಯಿತು, ಹತ್ತು ದಿನ ಅದನ್ನು ಮುಟ್ಟಬೇಡಿ. ತಿಂಗಳಿಗೊಮ್ಮೆ ಬಳಸುವ ಟೋಕನ್ನನ್ನೂ ಈ ಹತ್ತು ದಿನದಲ್ಲೇ ಒಮ್ಮೆ ಹಾಕಿ ನೋಡಿ.

ಒಂದೇ ಒಂದು ವಸ್ತು ಏನು ಮಾಡಿದರೂ ಒಪ್ಪದಿದ್ದರೆ ಎರಡು ದಾರಿ ಇವೆ. ಹಳೇ ಸಾಫ್ಟ್‌ವೇರ್ ಆದರೆ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಹಳೇ ವಿಂಡೋಸ್ ಓಡಿಸಬಹುದು, ಅದು ಯುಎಸ್‌ಬಿ ಸಾಧನಗಳನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ದುಬಾರಿ ಯಂತ್ರ ಆದರೆ, ಹಳೇ ಕಂಪ್ಯೂಟರೊಂದನ್ನು ಇಂಟರ್ನೆಟ್ ಕೇಬಲ್ ಕಿತ್ತು ಅದಕ್ಕೇ ಮೀಸಲಿಡಿ. ಆ ಪ್ರೆಸ್ಸಿನ ಎ3 ಸ್ಕ್ಯಾನರ್ ಈಗಲೂ ಹಾಗೇ ಓಡುತ್ತಿದೆ. ಮೂಲೆಯಲ್ಲಿ ಒಂದು ಹಳೇ ಸಿಪಿಯು, ಪಕ್ಕದಲ್ಲಿ ಪೆನ್‌ಡ್ರೈವ್, ಮಾನಿಟರ್ ಮೇಲೆ ನಾನೇ ಅಂಟಿಸಿದ ಚೀಟಿ: "ಇದಕ್ಕೆ ನೆಟ್ ಕೊಡಬೇಡಿ."